ಹಿತ್ತಲಲ್ಲಿ ಹುಡುಕಿದ ಇಲಿಗಳು

ಇಸ್ತ್ರಿ ಮಾಡುವಾಕೆ ಒಂದು ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಅಕ್ಕಾ, ಕಾಲರಿನ ಹಿಂದ ಕಾಜಾ ಯಾರು ಹೊಡದಾರ ನೋಡ್ರಿ" ಎಂದಳು. ಚೇಷ್ಟೆ ಮಾಡುತ್ತಿದ್ದಾಳೆ ಎಂದುಕೊಂಡು ನಾನು ಕತ್ತರಿಯಿಂದ ಕಣ್ಣೆತ್ತಲಿಲ್ಲ. ಆಕೆ ಎದ್ದು ಬಂದು ಅಂಗಿಯನ್ನು ಕಟಿಂಗ್ ಮೇಜಿನ ಮೇಲೆ ಹಾಸಿದಳು. ಕಾಲರಿನ ಮಡಿಕೆಯಲ್ಲಿ ಬೆರಳು ತೂರುವಷ್ಟು ತೂತು. ಬಟ್ಟೆ ಹರಿದಿರಲಿಲ್ಲ. ಅಂಚನ್ನು ಸಣ್ಣ ಸಣ್ಣದಾಗಿ ಕಚ್ಚಿ ಕತ್ತರಿಸಿದ ಹಾಗಿತ್ತು. ಕಟ್ಟು ಬಿಚ್ಚಿ ನೋಡಿದರೆ ಇನ್ನೂ ಮೂರು ಅಂಗಿಗೆ ಅದೇ ಜಾಗದಲ್ಲಿ ಅದೇ ತೂತು. ಮಡಚಿಟ್ಟ ಬಟ್ಟೆಯನ್ನು ಮೇಲಿನಿಂದ ಕೆಳಗಿನವರೆಗೆ ಒಂದೇ ಏಟಿಗೆ ಕೊರೆದಿತ್ತು.

ಅದು ಮೇ ತಿಂಗಳ ಮೊದಲ ವಾರ. ನಮ್ಮ ಮನೆ ತೆಲುಗು ಸೀಮೆಯ ಗಡಿಯೂರು ರಾಯದುರ್ಗದಲ್ಲಿ, ಬೆಟ್ಟದ ಬುಡದ ಓಣಿಯಲ್ಲಿದೆ. ಕಲ್ಲು ಮಣ್ಣಿನ ಹಳೆಯ ಗೋಡೆ, ಮೇಲೆ ಮಾಳಿಗೆ. ಮುಂದಿನ ದೊಡ್ಡ ಕೋಣೆಯಲ್ಲಿ ಎಂಟು ಹೊಲಿಗೆ ಮಷೀನು, ಬಟ್ಟೆಯ ಅಂಚು ಹೊಲಿಯುವ ಒಂದು ಓವರ್‌ಲಾಕ್, ಒಂದು ಕಟಿಂಗ್ ಮೇಜು ಹಾಕಿಕೊಂಡು ನಾನು ಯೂನಿಟ್ಟು ನಡೆಸುತ್ತೇನೆ. ಮನೆಯವರು ಲಾರಿಯ ಮೇಲೆ ಹೋಗುವವರು, ತಿಂಗಳಲ್ಲಿ ನಾಲ್ಕು ದಿನ ಊರಲ್ಲಿದ್ದರೆ ಹೆಚ್ಚು. ಹೀಗಾಗಿ ಮನೆಯಲ್ಲಿ ಇರುವುದು ನಾನು ಮತ್ತು ಅತ್ತೆ. ಮುಂದಿನ ಕೋಣೆ ನನ್ನದು, ಹಿಂದಿನ ಹಿತ್ತಲು ಅವರದು.

ಅಲ್ಲಿಯವರೆಗೆ ನಾವು ಬೇರೆಯವರ ಜೀನ್ಸ್ ಪ್ಯಾಂಟುಗಳನ್ನು ಹೊಲಿದು ಕೊಡುತ್ತಿದ್ದೆವು. ಆ ವರ್ಷ ಮೊದಲ ಸಲ ನಮ್ಮದೇ ಎನ್ನುವ ಆರ್ಡರು ಬಂದಿತ್ತು. ಕಣೇಕಲ್ಲಿನ ಒಂದು ಖಾಸಗಿ ಶಾಲೆಗೆ ಮುನ್ನೂರು ಜೊತೆ ಸಮವಸ್ತ್ರ. ತಿಳಿನೀಲಿ ಅಂಗಿ, ಕಡುನೀಲಿ ಲಂಗ ಇಲ್ಲವೇ ಚಡ್ಡಿ. ಜೂನ್ ಎರಡನೆಯ ವಾರ ಶಾಲೆ ತೆರೆಯುವ ಹೊತ್ತಿಗೆ ಮಕ್ಕಳ ಮೈಮೇಲೆ ಇರಬೇಕು.

ಸಂಜೆಯೊಳಗೆ ಎಲ್ಲ ಕಟ್ಟುಗಳನ್ನು ಬಿಚ್ಚಿ ನೋಡಿದೆವು. ಹದಿನೇಳು ಅಂಗಿಗಳು ಹೋಗಿದ್ದವು. ಬಟ್ಟೆ ಇಟ್ಟ ಹಲಗೆಯ ಮೇಲೆ ಕಪ್ಪನೆಯ ಹಿಕ್ಕೆ ಬಿದ್ದಿತ್ತು. ಅತ್ತೆ ಬಂದು ಅದನ್ನು ಒಂದು ಕಾಗದದ ತುಂಡಿನಲ್ಲಿ ಎತ್ತಿಕೊಂಡು ಕಣ್ಣಿನ ಹತ್ತಿರ ಹಿಡಿದರು.

"ಇದು ಹಿತ್ತಲ ಇಲಿದಲ್ಲ ಬಿಡವಾ. ಹೆಗ್ಗಣದ್ದಾದ್ರ ಶೇಂಗಾ ಬೀಜದಷ್ಟು ದಪ್ಪ ಇರತೈತಿ. ಇದು ನೋಡು, ಜೀರಿಗಿ ಕಾಳು ಇದ್ದಂಗ ಐತಿ."

"ಮರಿಗಳದ್ದು ಇರಬೇಕು ಅತ್ತೀ" ಎಂದೆ. ಅಷ್ಟಕ್ಕೇ ಆ ಮಾತು ಮುಗಿಸಿದೆ. ಯಾಕೆಂದರೆ ಹಿತ್ತಲ ಬಾಗಿಲಲ್ಲಿ ನಿಂತರೆ ಸಾಕು, ಕಳ್ಳ ಯಾರೆಂದು ಕಾಣುತ್ತಿತ್ತು. ಬಚ್ಚಲ ನೀರು ಹರಿಯುವ ಕಡೆ ಅತ್ತೆಯ ಗೆಣಸಿನ ಮಡಿ ಇತ್ತು. ಅದರ ಸುತ್ತ ದಿನಾ ಬೆಳಿಗ್ಗೆ ಹೊಸ ಮಣ್ಣಿನ ಗುಪ್ಪೆ, ಪಕ್ಕದಲ್ಲಿ ಮುಷ್ಟಿ ಹೋಗುವಷ್ಟು ಬಿಲ. ಹೆಗ್ಗಣಗಳು ಹಾಡಹಗಲೇ ಬದನೆ ಗಿಡಗಳ ಮಧ್ಯೆ ಓಡಾಡುತ್ತಿದ್ದವು. ಕಣ್ಣ ಮುಂದೆ ಹೆಗ್ಗಣ ಇರುವಾಗ ಜೀರಿಗೆ ಕಾಳಿನ ಲೆಕ್ಕ ಯಾರಿಗೆ ಬೇಕು?

ಮೊದಲು ಬೋನು ತಂದೆ. ಒಣಕೊಬ್ಬರಿ ಸಿಕ್ಕಿಸಿ ಗೆಣಸಿನ ಮಡಿಯ ಹತ್ತಿರ ಇಟ್ಟೆ. ಎರಡು ದಿನ ಕೊಬ್ಬರಿಯನ್ನು ಇರುವೆ ತಿಂದವು. ಮೂರನೆಯ ದಿನ ಮಿರ್ಚಿ ಬಜ್ಜಿ ಇಟ್ಟೆ. ಬೆಳಿಗ್ಗೆ ಬೋನಿನ ತುಂಬ ಒಂದು ಹೆಗ್ಗಣ ಕೂತಿತ್ತು, ಮೈಯ ಕೂದಲು ನಿಗುರಿಸಿಕೊಂಡು ಬುಸುಗುಡುತ್ತಿತ್ತು. ಹೊಲಿಯುವ ಹೆಂಗಸರೆಲ್ಲ ಮಷೀನು ಬಿಟ್ಟು ಬಂದು ನೋಡಿದರು. ಊರಾಚೆಯ ಹಳ್ಳದವರೆಗೆ ಒಯ್ದು ಬಿಟ್ಟು ಬಂದೆ. ಆ ದಿನ ಗೆದ್ದವಳ ಹಾಗೆ ನಡೆದುಕೊಂಡೆ. ಮರುದಿನ ಇನ್ನೂ ಆರು ಅಂಗಿಗಳಲ್ಲಿ ತೂತು.

ಆಮೇಲೆ ವಿಷದ ಸರದಿ. ಗೊಬ್ಬರದ ಅಂಗಡಿಯವರು ನೀಲಿ ಬಣ್ಣದ ಇಲಿ ಕೇಕು ಕೊಟ್ಟು, "ಇದನ್ನ ತಿಂದ್ರ ನೀರು ಹುಡಿಕ್ಕೊಂಡು ಹೊರಗ ಹೋಗಿ ಸಾಯ್ತಾವ್ರಿ. ವಾಸನಿ ಬರಂಗಿಲ್ಲ" ಎಂದರು. ನಂಬಿದೆ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಒಂದೊಂದು ಬಿಲದೊಳಗೂ ತುಂಡು ತುಂಡು ತಳ್ಳಿ ಮೇಲೆ ಕಲ್ಲು ಮುಚ್ಚಿದೆ. ನಾಲ್ಕು ದಿನ ಏನೂ ಆಗಲಿಲ್ಲ. ಐದನೆಯ ದಿನ ಹನ್ನೊಂದು ಗಂಟೆಯ ಬಿಸಿಲಿಗೆ ಯೂನಿಟ್ಟಿನೊಳಗೆ ಒಂದು ನಾತ ಎದ್ದಿತು.

ಮೇ ತಿಂಗಳ ಬಿಸಿಲಲ್ಲಿ ಮಾಳಿಗೆ ಮನೆಯೊಳಗೆ ಸತ್ತ ಪ್ರಾಣಿಯ ವಾಸನೆ ಹೇಗಿರುತ್ತದೆ ಎಂದು ಹೇಳಿ ತಿಳಿಸಲಾಗುವುದಿಲ್ಲ. ಇಬ್ಬರು ವಾಂತಿ ಮಾಡಿಕೊಂಡು ಮನೆಗೆ ಹೋದರು. ಉಳಿದವರು ಮೂಗಿಗೆ ಸೆರಗು ಕಟ್ಟಿಕೊಂಡು ಹೊಲಿದರು. ವಾಸನೆ ಬರುವ ಜಾಗ ಸಿಗಲಿಲ್ಲ. ಗೋಡೆಗೆ ಮೂಗು ಹಚ್ಚಿ ಹಚ್ಚಿ, ಬಚ್ಚಲ ಕಡೆಯ ಗೋಡೆಯ ಬುಡದಲ್ಲಿ ಗಿಲಾವು ಒಡೆಸಿದೆ. ಅಲ್ಲಿ ಇರಲಿಲ್ಲ. ಒಂದು ಮೊಳ ಆಚೆ ಒಡೆಸಿದೆ. ಮೂರನೆಯ ಸಲ ಕಲ್ಲು ಸರಿಸಿದಾಗ ಸಿಕ್ಕಿತು. ಸತ್ತದ್ದು ಹೆಗ್ಗಣವೇ. ನೋಡಿ, ನಾನು ಹೇಳಿದ್ದೇ ಸರಿ ಅಂದುಕೊಂಡೆ. ಅಂಗಿಗಳಿಗೆಲ್ಲ ನಾತ ಹಿಡಿದಿತ್ತು. ಒಗೆದು ಮಾಳಿಗೆಯ ಮೇಲೆ ಹರವಿ ಒಣಗಿಸಿ, ಮತ್ತೆ ಇಸ್ತ್ರಿ ಮಾಡಿ ಮಡಚುವುದರಲ್ಲಿ ಎರಡು ದಿನ ಹೋಯಿತು. ಆ ಎರಡು ದಿನದಲ್ಲಿ ಮತ್ತೆ ನಾಲ್ಕು ಅಂಗಿಗಳಿಗೆ ತೂತು ಬಿದ್ದಿತ್ತು.

ವಿಷ ಬಿಟ್ಟು ಅಂಟಿನ ಹಲಗೆ ತಂದೆ. ಹಿತ್ತಲ ಗೋಡೆಯ ಉದ್ದಕ್ಕೂ ನಾಲ್ಕು ಇಟ್ಟೆ. ಮಧ್ಯಾಹ್ನ ಕಿಚಕಿಚ ಎನ್ನುವ ಸದ್ದು ಕೇಳಿ ಓಡಿ ಹೋದರೆ ಒಂದು ಅಳಿಲು ನಾಲ್ಕೂ ಕಾಲು ಅಂಟಿಸಿಕೊಂಡು ಬಿದ್ದಿತ್ತು. ನಾನು ಏನು ಮಾಡಬೇಕೆಂದು ತಿಳಿಯದೆ ನಿಂತೆ. ಅತ್ತೆ ಶೇಂಗಾ ಎಣ್ಣೆಯ ಬಟ್ಟಲು ತಂದು ನೆಲಕ್ಕೆ ಕೂತರು. ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿ, ಒಂದೊಂದು ಬೆರಳಿನ ಬುಡಕ್ಕೂ ಹಚ್ಚುತ್ತಾ ಅರ್ಧ ಗಂಟೆ ಕೂತರು. ಅಳಿಲು ಅವರ ಕೈ ಕಚ್ಚಿತು. ಅವರು ಕೈ ಹಿಂದಕ್ಕೆ ತೆಗೆಯಲಿಲ್ಲ. ಬಾಲದ ಕೂದಲನ್ನು ಹಲಗೆಯ ಮೇಲೆಯೇ ಬಿಟ್ಟು ಅದು ಕರಿಬೇವಿನ ಗಿಡ ಹತ್ತಿ ಹೋಯಿತು.

"ಇನ್ನ ಇದನ್ನ ನನ್ನ ಹಿತ್ತಲಾಗ ಇಡಬ್ಯಾಡ" ಎಂದರು ಅತ್ತೆ.

ನನಗೆ ತಲೆ ಕೆಟ್ಟಿತ್ತು. "ಹಂಗಾರ ನೀವ ಹೇಳ್ರಿ, ನಾ ಏನು ಮಾಡ್ಲಿ? ನಿಮ್ಮ ಗೆಣಸಿಗೆ ಬಂದ ಹೆಗ್ಗಣ ನನ್ನ ಅಂಗಿ ಕಡೀತಾವ. ನಿಮಗ ಅಳಿಲಿನ ಚಿಂತಿ."

ಅವರು ಎಣ್ಣೆಯ ಬಟ್ಟಲು ಎತ್ತಿಕೊಂಡು ಒಳಗೆ ಹೋದರು.

ಈಗ ಹೇಳುವ ಮಾತು ಹೇಳಲು ನನಗೆ ಸುಲಭವಿಲ್ಲ. ಅದೇ ವಾರ ಅತ್ತೆ ಭೈರವಾನಿತಿಪ್ಪದಲ್ಲಿರುವ ತಂಗಿಯ ಮನೆಗೆ ಎರಡು ದಿನದ ಮಟ್ಟಿಗೆ ಹೋದರು. ಬಸ್ಸು ಹತ್ತಿಸಿ ಬಂದವಳೇ ಇಬ್ಬರು ಕೂಲಿಯವರನ್ನು ಕರೆಸಿದೆ. ಗೆಣಸಿನ ಮಡಿಯನ್ನು ಮೊಣಕಾಲುದ್ದ ಅಗೆಸಿದೆ. ಒಳಗೆ ಬಿಲದಿಂದ ಬಿಲಕ್ಕೆ ದಾರಿ, ಒಂದು ಕಡೆ ಬೋಗುಣಿಯಷ್ಟು ಗೂಡು. ಅದರಲ್ಲಿ ಕಚ್ಚಿ ತಂದು ಕೂಡಿಟ್ಟ ಗೆಣಸಿನ ತುಂಡುಗಳು, ಶೇಂಗಾ ಕಾಯಿ. ಮೂರು ಹೆಗ್ಗಣಗಳು ಎದ್ದು ಪಕ್ಕದ ಖಾಲಿ ಜಾಗಕ್ಕೆ ಓಡಿದವು. ಅಗೆಯುವ ಭರದಲ್ಲಿ ಹೀರೇಕಾಯಿ ಬಳ್ಳಿಯ ಬುಡ ಕಡಿದು ಹೋಯಿತು. ಚಪ್ಪರದ ತುಂಬ ಎಳೆಯ ಕಾಯಿ ಇದ್ದವು. ಸಂಜೆಯೊಳಗೆ ಎಲೆಯೆಲ್ಲ ಜೋತುಬಿದ್ದವು. ಅಗೆದ ಜಾಗಕ್ಕೆ ಜಲ್ಲಿ ಸುರಿಸಿದೆ.

ಆ ಹಿತ್ತಲ ಸೊಪ್ಪು, ಕಾಯಿ ನಮ್ಮ ಮನೆಗಿಂತ ಓಣಿಗೇ ಹೆಚ್ಚು ಹೋಗುತ್ತಿತ್ತು. ಯಾರ ಮನೆಯಲ್ಲಿ ಬಾಣಂತಿ ಇದ್ದರೂ ಅತ್ತೆಯ ಹೀರೇಕಾಯಿ ಅಲ್ಲಿಗೆ ತಲುಪುತ್ತಿತ್ತು. ಅದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಅಗೆಸಿದೆ. ಅವರು ಎದುರಿಗಿದ್ದರೆ ಬಿಡುವುದಿಲ್ಲ ಎಂದೇ ಇಲ್ಲದಾಗ ಅಗೆಸಿದೆ.

ಅತ್ತೆ ವಾಪಸು ಬಂದು ಹಿತ್ತಲ ಬಾಗಿಲಲ್ಲಿ ನಿಂತರು. ಬೈಯುತ್ತಾರೆ ಎಂದು ಕಾದೆ. ಕೈಯ ಚೀಲ ಕೆಳಗಿಟ್ಟು, ಕಾಲು ತೊಳೆದುಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂತರು. ಅಂದಿನಿಂದ ನನ್ನ ಜೊತೆ ಮಾತು ಬಿಟ್ಟರು. ಊಟಕ್ಕೆ ಕರೆಯಬೇಕಾದರೆ ಇಸ್ತ್ರಿಯಾಕೆಗೆ, "ನಿಮ್ಮ ಅಕ್ಕಗ ತಾಟು ಹಾಕೀನಿ ಅಂತ ಹೇಳವಾ" ಅನ್ನುತ್ತಿದ್ದರು.

ಮಡಿ ಅಗೆಸಿದ ಮೇಲೆ ನಾಲ್ಕು ದಿನ ಹೊಸ ತೂತು ಕಾಣಲಿಲ್ಲ. ನನ್ನ ಕೆಲಸ ಸರಿ ಎಂದು ನಾನೇ ನನಗೆ ಹೇಳಿಕೊಳ್ಳಲು ಅಷ್ಟು ಸಾಕಾಯಿತು. ಮುಗಿದ ನೂರು ಜೊತೆಯನ್ನು ಹತ್ತು ಕಟ್ಟು ಮಾಡಿ, ಗೋಡೆಯ ಪಕ್ಕದ ಹಲಗೆಯ ಮೇಲೆ ಜೋಡಿಸಿ, ಐದನೆಯ ದಿನ ಬೆಳಿಗ್ಗೆ ಆಟೋದಲ್ಲಿ ಕಣೇಕಲ್ಲಿಗೆ ಕಳಿಸಿದೆ.

ಮಧ್ಯಾಹ್ನ ಶಾಲೆಯಿಂದ ಫೋನು ಬಂತು. ಮೊದಲು ಯಾರೋ ತೆಲುಗಿನಲ್ಲಿ, "ಅಮ್ಮಾ, ಮೀ ಬಟ್ಟಲ್ಲೋ ಎಲುಕ ಉಂದಿ!" ಎಂದು ಕೂಗುತ್ತಿದ್ದರು. ನಿಮ್ಮ ಬಟ್ಟೆಯಲ್ಲಿ ಇಲಿ ಇದೆ ಎಂದು. ಆಮೇಲೆ ಹೆಡ್ ಮೇಡಂ ಫೋನು ತೆಗೆದುಕೊಂಡರು. ತಾಯಂದಿರು ಮಕ್ಕಳನ್ನು ಕರೆದುಕೊಂಡು ಅಳತೆ ನೋಡಲು ಬಂದಿದ್ದರಂತೆ. ಮೇಜಿನ ಮೇಲೆ ಕಟ್ಟು ಬಿಚ್ಚಿದ ಕೂಡಲೇ ಒಂದು ಇಲಿ ಎಲ್ಲರ ಮಧ್ಯದಿಂದ ಜಿಗಿದು ಓಡಿತಂತೆ. ಲಂಗವೊಂದರ ಮಡಿಕೆಯಲ್ಲಿ ಬಟ್ಟೆ ಕೊರೆದು ಮಾಡಿದ ಗೂಡು, ಅದರಲ್ಲಿ ಕಣ್ಣು ಬಿಡದ ಐದು ಮರಿ.

"ಮಕ್ಕಳು ಮೈಮ್ಯಾಲೆ ಹಾಕ್ಕೊಳ್ಳೋ ಬಟ್ಟಿ ಅಮ್ಮಾ ಇದು. ಎಲ್ಲಾ ವಾಪಸ್ ಕಳಸ್ತೀನ್ರಿ."

"ಗಾಡಿಯಾಗ ಹತ್ತಿರಬೇಕು ಮೇಡಂ" ಎಂದು ನಾನು ತಡಬಡಿಸಿದೆ. ಅವರು ಫೋನು ಇಟ್ಟರು. ಸಂಜೆ ಅದೇ ಆಟೋದಲ್ಲಿ ಹತ್ತೂ ಕಟ್ಟು ವಾಪಸು ಬಂದವು.

ಮರುದಿನ ಓವರ್‌ಲಾಕ್ ಮಷೀನು ನಿಂತುಹೋಯಿತು. ಅದನ್ನು ನೋಡಲು ಮೆಕ್ಯಾನಿಕ್ ಬಂದರು. ಅವರು ಮಡಕಶಿರದ ಆಚೆ ಗುಡಿಬಂಡೆ ಕಡೆಯವರು. ತಿಂಗಳಿಗೊಮ್ಮೆ ರಾಯದುರ್ಗಕ್ಕೆ ಬಂದು ಯೂನಿಟ್ಟುಗಳನ್ನು ಸುತ್ತಿ ಮಷೀನು ರಿಪೇರಿ ಮಾಡಿ ಹೋಗುವವರು. ಐವತ್ತು ದಾಟಿದವರು, ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಮೋಟಾರಿನ ಮುಚ್ಚಳ ಬಿಚ್ಚಿದವರು ನನ್ನನ್ನು ಕರೆದರು.

"ನೋಡಮ್ಮ, ನಿಮ್ ಮಷೀನು ಕೆಟ್ಟಿಲ್ಲ. ಇದ್ರೊಳಗೆ ಸಂಸಾರ ಹೂಡವೆ."

ಕಡಿದ ವೈರು, ದಾರದ ನಾರು, ನಾಲ್ಕು ಮಂಡಕ್ಕಿ ಕಾಳು, ಅದೇ ಸಣ್ಣ ಹಿಕ್ಕೆ. ನಾನು ಹಿತ್ತಲ ಹೆಗ್ಗಣದ ಕಥೆಯನ್ನೆಲ್ಲ ಹೇಳಿದೆ. ಶಾಲೆಯಲ್ಲಿ ನಡೆದದ್ದನ್ನೂ ಹೇಳಿ, ಇಲಿ ಆಟೋದಲ್ಲಿ ಹತ್ತಿದ್ದು ಎಂದೆ.

"ಅಲ್ಲ ಕಣಮ್ಮ, ಒಂದು ಗಂಟೆ ಆಟೋದಾಗೆ ಗೂಡು ಕಟ್ಟಿ ಮರಿ ಹಾಕ್ತದಾ? ಅದು ಇಲ್ಲೇ ಇದ್ದಿದ್ದು. ಹೆಗ್ಗಣ ಮಣ್ಣು ತೋಡ್ತದೆ, ಗೆಡ್ಡೆ ತಿಂತದೆ. ಮಡಚಿಟ್ಟ ಬಟ್ಟೆ ಒಳಗೆ ಅದ್ಯಾಕೆ ಬರ್ತದೆ? ಇದು ಚಿಟ್ಟಿಲಿ. ಹೆಬ್ಬೆರಳುದ್ದ ಇರ್ತದೆ. ಹುಟ್ಟಿದ ಕೋಣೆ ಬಿಟ್ಟು ಹೋಗಲ್ಲ."

"ನಿಮಗ ಹೆಂಗ ಗೊತ್ತಣ್ಣಾ?"

"ನಮ್ಮನೇಲಿ ಹುಳ ಅವೆ. ಇಲಿ ಒಳಗೆ ಬಂತು ಅಂದ್ರೆ ತಟ್ಟೆಗಟ್ಟಲೆ ಹುಳ ತಿಂದಾಕ್ತದೆ. ವಿಷ ಗಿಷ ಇಡಕ್ಕೆ ನಮಗೆ ಧೈರ್ಯ ಇಲ್ಲ, ಹುಳಕ್ಕೆ ತಗುಲಿದ್ರೆ ಬೆಳೆನೇ ಹೋಯ್ತು. ಅದಕ್ಕೆ ನಾವು ಇಲಿ ಹಿಂದೆ ಓಡಲ್ಲ. ಎಲ್ಲಿಂದ ಬರ್ತದೆ, ಎಲ್ಲಿ ಮಲಗ್ತದೆ, ಅದನ್ನ ಮೊದಲು ನೋಡ್ತೀವಿ. ನಿಮ್ಮತ್ರ ಚಾಕ್ ಪುಡಿ ಐತಲ್ಲ? ಇವತ್ತು ಸಾಯಂಕಾಲ ಹೋಗೋ ಮುಂದೆ ಗೋಡೆ ಬುಡಕ್ಕೆಲ್ಲ ತೆಳ್ಳಗೆ ಉದುರಿಸಿ. ಬೆಳಿಗ್ಗೆ ಯಾರೂ ಕಾಲಿಡೋಕೆ ಮುಂಚೆ ಬಗ್ಗಿ ನೋಡಿ."

ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣವನ್ನು ಕುಟ್ಟಿ, ತೆಳುವಾದ ಬಟ್ಟೆಯಲ್ಲಿ ಜರಡಿ ಹಿಡಿದು ಉದುರಿಸಿದೆ. ಹಿತ್ತಲ ಬಾಗಿಲ ಹೊಸ್ತಿಲಿಗೆ ಹೆಚ್ಚು ಹಾಕಿದೆ. ಮನಸ್ಸಿನೊಳಗೆ ಇನ್ನೂ ನಾನೇ ಗೆಲ್ಲಬೇಕೆಂದಿತ್ತು.

ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆದು ಮೊಣಕಾಲೂರಿ ನೋಡಿದೆ. ಹಿತ್ತಲ ಹೊಸ್ತಿಲ ಮೇಲಿನ ಪುಡಿ ಹಾಕಿದ ಹಾಗೆಯೇ ಇತ್ತು, ಒಂದು ಗೆರೆಯೂ ಇಲ್ಲ. ಬಟ್ಟೆ ಹಲಗೆಯ ಹಿಂದೆ ಮಾತ್ರ ಪುಡಿ ಅಳಿಸಿಹೋಗುವಷ್ಟು ಹೆಜ್ಜೆ. ಎಳ್ಳು ಚೆಲ್ಲಿದ ಹಾಗೆ ಸಣ್ಣ ಬೆರಳ ಗುರುತು, ನಡುವೆ ಬಾಲ ಎಳೆದ ದಾರದಂಥ ಗೆರೆ. ಹೆಜ್ಜೆಗಳು ಮೂಲೆಯ ಕರೆಂಟಿನ ಪೈಪಿನ ಬುಡಕ್ಕೆ ಹೋಗಿ ಅಲ್ಲಿಂದ ಮೇಲಕ್ಕೆ ಏರಿದ್ದವು. ಪೈಪಿನ ಮೇಲೂ ಬಿಳಿ ಪುಡಿ ಮೆತ್ತಿತ್ತು. ಪೈಪು ಹೋಗುವುದು ಅಟ್ಟಕ್ಕೆ.

ಅಟ್ಟದ ಮೇಲೆ ಏನಿದೆ ಎಂದು ನನಗೆ ಬೇರೆ ಯಾರೂ ಹೇಳಬೇಕಿರಲಿಲ್ಲ. ಕಟಿಂಗ್ ಮಾಡಿ ಉಳಿದ ಚಿಂದಿ. ಗಾದಿ ಮಾಡುವವರು ಬಂದಾಗ ಕೊಡೋಣ ಎಂದು ಒಂದು ವರ್ಷದಿಂದ ಮೂಟೆ ಕಟ್ಟಿ ಕಟ್ಟಿ ಒಗೆದದ್ದು ನಾನೇ. ಏಣಿ ಹತ್ತಿ ಮೊದಲ ಮೂಟೆಯ ಬಾಯಿ ಬಿಚ್ಚಿದೆ. ಮೇಲಿನ ಚಿಂದಿ ಸರಿಸಿದರೆ ತಿಳಿನೀಲಿ ಬಟ್ಟೆಯ ನುಣ್ಣನೆಯ ಚೂರುಗಳ ಗೂಡು. ಆ ನೀಲಿ ನನ್ನ ಅಂಗಿಗಳ ಕಾಲರು. ಒಂದು ಮೂಟೆಯಲ್ಲೇ ಮೂರು ಗೂಡು. ನಾನು ಏಣಿಯ ಮೇಲೆಯೇ ಸ್ವಲ್ಪ ಹೊತ್ತು ಕೂತೆ. ಇಳಿಯಲು ಮನಸ್ಸಾಗಲಿಲ್ಲ. ಇಳಿದರೆ ಹಿತ್ತಲಿಗೆ ಹೋಗಬೇಕಿತ್ತು.

ನಾನು ಅಗೆಸಿದ ಮಡಿಯಲ್ಲಿ ಅತ್ತೆ ಕುಕ್ಕರುಗಾಲಲ್ಲಿ ಕೂತು ಜಲ್ಲಿಯನ್ನು ಒಂದೊಂದಾಗಿ ಆರಿಸಿ ಬುಟ್ಟಿಗೆ ಹಾಕುತ್ತಿದ್ದರು.

"ಅತ್ತೀ, ನೀವು ಹೇಳಿದ್ದು ಖರೇ ಆತ್ರಿ. ಇಲಿ ಹಿತ್ತಲದ್ದಲ್ಲ. ನನ್ನ ಚಿಂದಿ ಮೂಟ್ಯಾಗ ಅದಾವ."

ಬುಟ್ಟಿಗೆ ಇನ್ನೂ ಎರಡು ಕಲ್ಲು ಬಿದ್ದವು.

"ನಾ ಹೇಳಿದ್ದು ಖರೇ ಆದ್ರ ಹೀರಿ ಬಳ್ಳಿ ಚಿಗಿತೈತೇನು?"

ಐದು ದಿನಗಳ ನಂತರ ಅವರು ನನಗೆ ಆಡಿದ ಮೊದಲ ಮಾತು ಅದು. ತಪ್ಪಾಯಿತು ಎನ್ನಲು ಬಾಯಿ ತೆರೆದೆ, ಆ ಮಾತು ಎಷ್ಟು ಅಗ್ಗದ್ದು ಎಂದು ಅನಿಸಿ ಪಕ್ಕದಲ್ಲಿ ಕೂತು ಜಲ್ಲಿ ಆರಿಸತೊಡಗಿದೆ. ಬುಟ್ಟಿ ಅರ್ಧ ತುಂಬಿದ ಮೇಲೆ ಅವರೇ ಕೇಳಿದರು.

"ಮೂಟಿ ಎಷ್ಟು ಅದಾವ?"

"ಹದಿನಾಕು."

"ಒಂದೊಂದ ಇಳಸಬ್ಯಾಡ. ಒಂದು ಮುಟ್ಟಿದ್ರ ಇನ್ನೊಂದಕ್ಕ ಹೋಗಿ ಸೇರ್ತಾವ. ಎಲ್ಲಾ ಬಾಯಿ ಬಿಗಿದು ಒಮ್ಮಿಗೇ ಇಳಸು."

ಒಮ್ಮೆಗೇ ಇಳಿಸುವುದೆಂದರೆ ಯೂನಿಟ್ಟು ನಿಲ್ಲಿಸಬೇಕು. ಶಾಲೆ ತೆರೆಯಲು ಉಳಿದಿದ್ದು ಎರಡೂವರೆ ವಾರ. ಹೊಲಿಯುವವರಲ್ಲಿ ಯಾರಿಗೂ ಅದು ಬೇಡ. "ತೂತು ಬಿದ್ದದ್ದಕ್ಕ ರಫೂ ಮಾಡಿ ಕೊಟ್ರಾತು ಅಕ್ಕಾ, ಕಾಲರಿನ ಒಳಗ ಯಾರು ನೋಡ್ತಾರ?" ಎಂದಳು ಇಸ್ತ್ರಿಯಾಕೆ. ಅದು ನನಗೂ ಹೊಳೆದಿತ್ತು. ಸುಳ್ಳು ಯಾಕೆ, ಅದಾಗಲೇ ಏಳೆಂಟು ಅಂಗಿಗಳಿಗೆ ಹಾಗೆ ಮಾಡಿಯೂ ಇದ್ದೆ. ಆದರೆ ಗೂಡಿನಲ್ಲಿ ಆ ನೀಲಿ ಚೂರು ನೋಡಿದ ಮೇಲೆ ಮತ್ತೆ ಸೂಜಿ ಹಿಡಿಯಲು ಕೈ ಬರಲಿಲ್ಲ. ಕಚ್ಚಿದ್ದನ್ನು ಹೊಲಿಯುತ್ತಾ ಹೋದರೆ ಅವು ಕಚ್ಚುತ್ತಲೇ ಹೋಗುತ್ತವೆ.

"ಎಲ್ಲಾ ಮಷೀನು ಬಂದ್ ಮಾಡ್ರಿ" ಎಂದೆ. ಆಮೇಲೆ ಹೆಡ್ ಮೇಡಂಗೆ ಫೋನು ಮಾಡಿದೆ. "ಮೇಡಂ, ಇಲಿ ಗಾಡಿಯಾಗ ಹತ್ತಿದ್ದಲ್ರಿ. ನಮ್ಮ ಮನ್ಯಾಗಿಂದ ಬಂದದ್ದು. ನಾ ಆವತ್ತು ಸುಳ್ಳು ಹೇಳಿದ್ನಿ. ವಾಪಸ್ ಬಂದದ್ದು ಪೂರ್ತಿ ಒಗದು, ಕೆಟ್ಟದ್ದು ಹೊಸದಾಗಿ ಹೊಲೀಬೇಕು. ಹತ್ತು ದಿನ ತಡ ಆಗತೈತ್ರಿ."

"ಮಕ್ಕಳು ಹಳೇ ಬಟ್ಟ್ಯಾಗ ಬರ್ತಾರ್ರಿ, ಅಷ್ಟ. ಮುಂದಿನ ವರ್ಷ ನಾವು ಬ್ಯಾರೆಯವರನ್ನೂ ಕೇಳ್ತೀವಿ" ಎಂದರು ಮೇಡಂ.

ಮೂಟೆಗಳ ಬಾಯಿ ಬಿಗಿದು, ಮೇಲೆ ಇನ್ನೊಂದು ಚೀಲ ಹಾಕಿ, ಹದಿನಾಲ್ಕನ್ನೂ ಒಂದೇ ಬೆಳಿಗ್ಗೆ ಇಳಿಸಿ ಊರಾಚೆ ಒಯ್ದು ಸುಟ್ಟೆವು. ಅತ್ತೆ ಅಲ್ಲಿಗೆ ಬರಲಿಲ್ಲ. ನಾನು ಬೆಂಕಿಯ ಹತ್ತಿರ ಕೊನೆಯವರೆಗೂ ನಿಂತೆ. ಅದು ಒಳ್ಳೆಯ ಕೆಲಸ ಎಂದು ನನಗೆ ಅನಿಸಲಿಲ್ಲ, ಬೇರೆ ದಾರಿಯೂ ತೋಚಲಿಲ್ಲ.

ನಂತರ ಕೋಣೆಯನ್ನು ಪೂರ್ತಿ ಖಾಲಿ ಮಾಡಿದೆವು. ಮಷೀನು, ಮೇಜು, ಹಲಗೆ ಎಲ್ಲ ಅಂಗಳಕ್ಕೆ. ಒಣ ಹಿಕ್ಕೆಯನ್ನು ಗುಡಿಸಬಾರದು, ದೂಳು ಮೂಗಿಗೆ ಹೋಗುತ್ತದೆ ಎಂದು ಮೆಕ್ಯಾನಿಕ್ ಹೇಳಿ ಹೋಗಿದ್ದರು. ಬ್ಲೀಚಿಂಗ್ ಪುಡಿಯ ನೀರು ಚಿಮುಕಿಸಿ, ನೆನೆಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಒರೆಸಿದೆವು. ಅವರು ಕಲಿಸಿದ ಇನ್ನೊಂದು ವಿದ್ಯೆ ಪೆನ್ನಿನದು. ಪೆನ್ನು ತೂರುವ ಯಾವ ಸಂದಿಯಲ್ಲೂ ಚಿಟ್ಟಿಲಿ ತೂರುತ್ತದೆ. ಒಂದು ಪೆನ್ನು ಹಿಡಿದು ನೆಲದಿಂದ ಜಂತಿಯವರೆಗೆ ಒಂದೊಂದು ಅಂಗುಲ ತಡಕಿದೆ. ಮೂವತ್ತಕ್ಕಿಂತ ಹೆಚ್ಚು ಕಡೆ ಪೆನ್ನು ಒಳಗೆ ಹೋಯಿತು. ಸಣ್ಣ ಸಂದಿಗೆ ಪಾತ್ರೆ ತಿಕ್ಕುವ ಸ್ಟೀಲ್ ನಾರು ತುರುಕಿ ಮೇಲೆ ಸಿಮೆಂಟು ಬಳಿದೆ. ದೊಡ್ಡದಕ್ಕೆ ಗಾಜಿನ ಚೂರು ಸೇರಿಸಿದ ಗಾರೆ. ಬಾಗಿಲ ಕೆಳಗೆ ತಗಡಿನ ಪಟ್ಟಿ, ಪೈಪಿನ ಸುತ್ತ ತಗಡಿನ ಬಿಲ್ಲೆ. ಬಟ್ಟೆಯ ಹಲಗೆಯನ್ನು ಗೋಡೆಯಿಂದ ಒಂದು ಗೇಣು ಈಚೆಗೆ, ನೆಲದಿಂದ ಒಂದು ಮೊಳ ಮೇಲಕ್ಕೆ ಸರಿಸಿದೆವು. ಮುಗಿದ ಬಟ್ಟೆಗೆ ಮುಚ್ಚಳದ ತಗಡಿನ ಪೆಟ್ಟಿಗೆ ಬಂದವು.

ಒಳಗೆ ಉಳಿದವಕ್ಕೆ ಮರದ ಸ್ಪ್ರಿಂಗ್ ಬೋನು ಹಾಕಿದೆ. ಬೆಲ್ಲ, ಶೇಂಗಾ ಹಿಂಡಿ ಇಟ್ಟರೆ ಮೂಸಿಯೂ ನೋಡಲಿಲ್ಲ. ಮೂರು ದಿನ ಖಾಲಿ. ನನಗೆ ಬೋನನ್ನು ಗೋಡೆಗೆ ಎಸೆಯುವಷ್ಟು ಸಿಟ್ಟು ಬಂತು. ಮೆಕ್ಯಾನಿಕ್‌ಗೆ ಫೋನು ಮಾಡಿದರೆ ಅವರು ನಕ್ಕರು. "ಗೂಡು ಕಿತ್ತಿದ್ದೀರಲ್ಲಮ್ಮ, ಅವಕ್ಕೆ ಈಗ ತಿನ್ನೋದಕ್ಕಿಂತ ಹಾಸಿಗೆ ಬೇಕು. ಹತ್ತಿ ಕಟ್ಟಿ ನೋಡಿ. ಮೊದಲ ಎರಡು ದಿನ ಸ್ಪ್ರಿಂಗ್ ಎಳಿಯದೆ ಸುಮ್ಮನೆ ಇಡಿ, ಅಭ್ಯಾಸ ಆಗಲಿ." ಬೋನಿಗೆ ಹತ್ತಿಯ ಎಳೆ ಬಿಗಿದು, ಹತ್ತಿಯ ತುದಿ ಗೋಡೆಗೆ ತಾಗುವ ಹಾಗೆ ಅಡ್ಡಲಾಗಿ ಇಟ್ಟೆ. ಸ್ಪ್ರಿಂಗ್ ಎಳೆದ ಮೊದಲ ದಿನವೇ ನಾಲ್ಕು ಬಿದ್ದವು. ಒಟ್ಟು ಹನ್ನೊಂದು. ಒಂದೊಂದನ್ನೂ ನಾನೇ ತೆಗೆದು ಹೂಳಿದೆ. ಆ ಕೆಲಸವನ್ನು ಬೇರೆ ಯಾರಿಗೂ ಹೇಳಲಿಲ್ಲ.

ಅಷ್ಟಾದ ಮೇಲೂ ಒಂದು ಬೆಳಿಗ್ಗೆ ಮೂರನೆಯ ಮಷೀನಿನ ಕೆಳಗೆ ಹೊಸ ಹಿಕ್ಕೆ ಕಂಡಿತು. ನನಗೆ ಅಳುವೇ ಬಂತು. ಹುಡುಕಿದರೆ ಮಷೀನಿನ ಡ್ರಾಯರಿನಲ್ಲಿ ಪೊಟ್ಟಣದಲ್ಲಿ ಸುತ್ತಿದ ಒಗ್ಗರಣೆ ಮಂಡಕ್ಕಿ. ಇನ್ನು ಮೇಲೆ ಕೋಣೆಯೊಳಗೆ ಯಾರೂ ಏನೂ ತಿನ್ನಬಾರದು ಎಂದೆ. ಜೋರಾಗಿಯೇ ಅಂದೆ. "ಹಸಕೊಂಡು ಹೊಲೀಬೇಕೇನ್ರಿ?" ಎಂದು ಇಸ್ತ್ರಿಯಾಕೆ ಎದುರು ನಿಂತಳು. ಅವಳ ಮಾತೂ ಸರಿಯೇ. ಅತ್ತೆ ಎದ್ದು ಹೋಗಿ ಹೊರಗಿನ ಕಟ್ಟೆಯ ಮೇಲೆ ಚಾಪೆ ಹಾಸಿ, ಹಿಟ್ಟಿನ ದೊಡ್ಡ ತಗಡಿನ ಡಬ್ಬಿಯನ್ನು ಖಾಲಿ ಮಾಡಿ ತಂದಿಟ್ಟರು. "ನಿಮ್ಮ ಬುತ್ತಿ ಎಲ್ಲಾ ಇದರಾಗ ಇಡ್ರಿ. ಹನ್ನೊಂದಕ್ಕೊಮ್ಮಿ, ನಾಕಕ್ಕೊಮ್ಮಿ ಬಂದು ಇಲ್ಲಿ ಕುಂತು ತಿನ್ರಿ. ನಾನೂ ಕುಂದರತೀನಿ." ಜಗಳ ಅಲ್ಲಿಗೆ ಮುಗಿಯಿತು.

ಹಿತ್ತಲಲ್ಲಿ ಜಲ್ಲಿ ಆರಿಸಿ ಮುಗಿಯಲು ಎರಡು ವಾರ ಹಿಡಿಯಿತು. ದಿನಾ ಬೆಳಿಗ್ಗೆ ಯೂನಿಟ್ಟು ತೆರೆಯುವ ಮೊದಲು ನಾನೂ ಕೂತೆ. ಅತ್ತೆ ಹೊಸ ಗೆಣಸಿನ ಬಳ್ಳಿ ನೆಟ್ಟರು, ಹೀರೆ ಬೀಜ ಹಾಕಿದರು. ಹೆಗ್ಗಣಗಳು ಪಕ್ಕದ ಜಾಗದಿಂದ ಆಗಲೇ ವಾಪಸು ಬಂದಿದ್ದವು.

ಕಣೇಕಲ್ಲಿಗೆ ಈ ಸಲ ನಾನೇ ಹೋದೆ. ಹೇಳಿದ್ದಕ್ಕಿಂತ ಒಂದು ದಿನ ಹೆಚ್ಚು, ಹನ್ನೊಂದು ದಿನ ತಡವಾಗಿತ್ತು. ಶಾಲೆಯ ಪಡಸಾಲೆಯಲ್ಲಿ ತಗಡಿನ ಪೆಟ್ಟಿಗೆ ತೆರೆದು, ಪ್ರತಿ ಅಂಗಿಯನ್ನೂ ಬಿಡಿಸಿ ಝಾಡಿಸಿ ಮೇಜಿನ ಮೇಲೆ ಹಾಕಿದೆ. ತಾಯಂದಿರು ಸ್ವಲ್ಪ ದೂರದಲ್ಲೇ ನಿಂತಿದ್ದರು. ಯಾರೂ ಮುಂದೆ ಬರಲಿಲ್ಲ. ಹೆಡ್ ಮೇಡಂ ಮೊದಲ ಅಂಗಿ ಎತ್ತಿ, ಕಾಲರು ತಿರುವಿ ನೋಡಿ ಕೆಳಗಿಟ್ಟರು.

ಕೊನೆಗೆ ಒಬ್ಬಾಕೆ ಮಗಳ ಕೈ ಹಿಡಿದು ಬಂದಳು. ಅಂಗಿಯನ್ನು ಮೂರು ಸಲ ಝಾಡಿಸಿದಳು, ಜೇಬು ಹೊರಗೆಳೆದಳು, ಮೂಗಿಗೆ ಹಿಡಿದು ಮೂಸಿದಳು. ಆಕೆ ಅದನ್ನು ಮಗಳಿಗೆ ತೊಡಿಸಿ, ಗುಂಡಿ ಹಾಕಿ, ಭುಜ ಸರಿ ಮಾಡಿದಳು. ಮಿಕ್ಕವರು ಒಬ್ಬೊಬ್ಬರಾಗಿ ಮೇಜಿನ ಹತ್ತಿರ ಬಂದರು.

ಪೆಟ್ಟಿಗೆ ಖಾಲಿಯಾಗಿ ನಾನು ಹೊರಡುವಾಗ ಆಕೆ ಗೇಟಿನ ಹತ್ತಿರ ಕಾಯುತ್ತಿದ್ದಳು. ದನಿ ತಗ್ಗಿಸಿ ಕೇಳಿದಳು.

"ಅಕ್ಕಾ, ನಮ್ಮನ್ಯಾಗೂ ಭಾಳ ಅದಾವ್ರಿ. ಗದ್ದಿ ಕಡೆಯಿಂದ ಬರ್ತಾವ. ನಾಳೆ ಹಿತ್ತಲ ಬಿಲಕ್ಕೆಲ್ಲ ವಿಷ ಹಾಕಸಬೇಕಂತ ಮಾಡೀನಿ. ನೀವು ಯಾವುದು ಹಾಕಿದ್ರಿ?"

ನಾನು ಪೆಟ್ಟಿಗೆಯನ್ನು ಕೆಳಗಿಟ್ಟೆ.

"ಅದು ಇರಲಿ. ನಿಮ್ಮನ್ಯಾಗ ಹಳೇ ಬಟ್ಟಿ ಗಂಟು ಎಲ್ಲಿ ಇಟ್ಟೀರಿ?"

"ಮಂಚದ ಕೆಳಗ" ಎಂದಳು. ಎಂದವಳು ನನ್ನ ಮುಖವನ್ನೇ ನೋಡುತ್ತಾ ನಿಂತಳು.